ಮೂಷಕವೂ ಕಂದುಕವೂ

ಮನುಷ್ಯನ ಶರೀರದಲ್ಲಿ ಭುಜದಷ್ಟು ಸ್ವಾತಂತ್ರ್ಯವುಳ್ಳ ಕೀಲು ಮತ್ತೊಂದಿಲ್ಲವೆಂದು ವೈದ್ಯರು ಹೇಳುತ್ತಾರೆ. ಮೊಣಕಾಲು ಬಾಗಿಲಿನ ಹಾಗೆ ಒಂದೇ ಕಡೆಗೆ ಮಡಿಸುತ್ತದೆ. ಭುಜವಾದರೋ ಮೇಲಕ್ಕೆ, ಕೆಳಕ್ಕೆ, ಮುಂದಕ್ಕೆ, ಹಿಂದಕ್ಕೆ ಸುತ್ತಲೂ ತಿರುಗಬಲ್ಲದು. ಆ ಸ್ವಾತಂತ್ರ್ಯದ ಬೆಲೆ ಅದು ಹೋದ ಮೇಲೆ ತಿಳಿಯುವುದು. ಮೂವತ್ತನಾಲ್ಕು ವರ್ಷಗಳ ಕಾಲ ಕರಿಹಲಗೆಯ ಮೇಲೆ ಶಬ್ದರೂಪಗಳನ್ನೂ ಧಾತುರೂಪಗಳನ್ನೂ ಬರೆದ ನನ್ನ ಬಲಗೈಯು, ನಾನು ನಿವೃತ್ತನಾದ ಮರುವರ್ಷವೇ ಮುಷ್ಕರ ಹೂಡಿತು. ಅಂಗಿಯ ತೋಳಿನೊಳಕ್ಕೆ ಕೈ ತೂರಿಸುವುದೂ ಬೆನ್ನುಜ್ಜಿಕೊಳ್ಳುವುದೂ ಒಂದೊಂದು ಸಾಹಸವಾಯಿತು. ಇಂಗ್ಲಿಷ್ ವೈದ್ಯದಲ್ಲಿ ಇದಕ್ಕೆ ಫ್ರೋಜನ್ ಷೋಲ್ಡರ್ ಎನ್ನುವರು. ಆಯುರ್ವೇದದಲ್ಲಿ ಅಪಬಾಹುಕವೆಂಬ ಹೆಸರುಂಟು. ಸಕ್ಕರೆ ಕಾಯಿಲೆಯವರನ್ನು ಇದು ಹೆಚ್ಚಾಗಿ ಹುಡುಕಿಕೊಂಡು ಬರುತ್ತದೆಯಂತೆ. ನನಗೂ ಆ ಸಿಹಿಯ ಸಂಬಂಧವಿದೆ. ವ್ಯಾಯಾಮವನ್ನು ಬಿಡದೆ ಮಾಡುತ್ತಿದ್ದರೆ ಒಂದು ವರ್ಷದಿಂದ ಮೂರು ವರ್ಷಗಳೊಳಗಾಗಿ ಕೈ ಸಡಿಲವಾದೀತೆಂದು ವೈದ್ಯರು ಸಮಾಧಾನ ಹೇಳಿ ಕಳುಹಿಸಿದರು.

ಮೂರು ವರ್ಷ ಕಾಯುವುದಕ್ಕೆ ನನ್ನ ಅಭ್ಯಂತರವೇನೂ ಇರಲಿಲ್ಲ. ಹಿಡಿದ ಕೆಲಸವು ಕಾಯುವಂತಿರಲಿಲ್ಲ. ನಮ್ಮ ತಂದೆಯವರು ರಘುವಂಶಕ್ಕೆ ಕನ್ನಡದಲ್ಲಿ ರಚಿಸಿದ ಟಿಪ್ಪಣಿಯು ಆರು ನೋಟುಪುಸ್ತಕಗಳಲ್ಲಿ ಉಳಿದುಕೊಂಡಿದೆ. ಅವರು ಸಂಜೆ ಪಡಸಾಲೆಯಲ್ಲಿ ಕುಳಿತು ಹೇಳುತ್ತ ಹೋಗುವರು; ಆಗ ಹದಿನಾಲ್ಕು ಹದಿನೈದು ವರ್ಷದವಳಾಗಿದ್ದ ನಮ್ಮ ಅಕ್ಕ ಬರೆದುಕೊಳ್ಳುವಳು. ಇಂದು ಆ ಕಾಗದದ ಅಂಚು ಮುಟ್ಟಿದರೆ ಉದುರುತ್ತದೆ. ಮಸಿ ಕಂದುಬಣ್ಣಕ್ಕೆ ತಿರುಗಿದೆ. ಬರೆದ ಅಕ್ಕನಿಗೆ ಎಪ್ಪತ್ತೆಂಟು. ಅವಳು ಹಾಸನದಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ದೃಷ್ಟಿಯು ತಿಂಗಳಿಂದ ತಿಂಗಳಿಗೆ ಮಂದವಾಗುತ್ತಿದೆ. ತನ್ನ ಕಣ್ಣು ಪೂರ್ತಿಯಾಗಿ ಮುಚ್ಚುವುದರೊಳಗಾಗಿ ಅಣ್ಣನ ಮಾತನ್ನು ದಪ್ಪಕ್ಷರದಲ್ಲಿ ಒಂದು ಸಲ ಓದಬೇಕೆಂಬುದು ಅವಳ ಆಸೆ. ತಂದೆಯವರನ್ನು ನಾವು ಅಣ್ಣನೆಂದೇ ಕರೆಯುತ್ತಿದ್ದೆವು.

ಆದಕಾರಣ ಪುಟಪುಟಕ್ಕೂ ಚಿತ್ರ ತೆಗೆಯಿಸಿ, ಕಂಪ್ಯೂಟರಿನ ತೆರೆಯ ಎಡಭಾಗದಲ್ಲಿ ಆ ಚಿತ್ರವನ್ನಿಟ್ಟುಕೊಂಡು, ಬಲಭಾಗದಲ್ಲಿ ಅಕ್ಷರ ಮೂಡಿಸುವ ಕೆಲಸವನ್ನು ನಾನು ಹಚ್ಚಿಕೊಂಡಿದ್ದೆನು. ಕೀಲಿಮಣೆಯನ್ನು ಒತ್ತುವುದರಿಂದ ನನಗೆ ನೋವಾಗುತ್ತಿರಲಿಲ್ಲ, ಏಕೆಂದರೆ ಆಗ ಎರಡು ಕೈಗಳೂ ಹೊಟ್ಟೆಯ ಮುಂದೆಯೇ ಇರುತ್ತವೆ. ಉಪದ್ರವವೆಲ್ಲ ಮೌಸಿನದು. ಕೀಲಿಮಣೆಯ ಬಲತುದಿಯಲ್ಲಿ ಅಂಕಿಗಳ ಕೀಲಿಗಳಿವೆ. ಅವನ್ನೂ ದಾಟಿ ಆಚೆ ಈ ಮೌಸು ಕುಳಿತಿರುತ್ತದೆ. ಅದನ್ನು ಹಿಡಿಯಬೇಕಾದರೆ ತೋಳನ್ನು ಹೊರಮಗ್ಗುಲಿಗೆ ತಿರುಗಿಸಬೇಕು. ಅಪಬಾಹುಕವು ಎಲ್ಲಕ್ಕಿಂತ ಮೊದಲು ಕಟ್ಟಿಹಾಕುವುದು ಆ ಚಲನವನ್ನೇ! ಚಿತ್ರವನ್ನು ಹಿಗ್ಗಿಸುವುದು, ಮೇಲಕ್ಕೆ ಸರಿಸುವುದು, ಒತ್ತಕ್ಷರವೊಂದರ ಪಕ್ಕದಲ್ಲಿ ಬಾಣದ ಗುರುತನ್ನು ನಿಲ್ಲಿಸುವುದು—ಒಂದು ಪುಟಕ್ಕೆ ಹೀಗೆ ಎಷ್ಟು ಸಲ ಕೈ ಚಾಚಬೇಕೆಂದು ಲೆಕ್ಕವಿಟ್ಟವರಾರು? ಎರಡನೆಯ ಪುಸ್ತಕದ ನಡುವಿಗೆ ಬರುವಷ್ಟರಲ್ಲಿ, ದಿನಕ್ಕೆ ಒಂದು ಪುಟ ಮುಗಿದರೆ ರಾತ್ರಿ ನಿದ್ದೆಯಿಲ್ಲವೆಂಬಂತಾಯಿತು.

ಇಲ್ಲಿ ಪಂಡಿತರ ಚಪಲಕ್ಕಾಗಿ ಒಂದು ಮಾತು. ಮುಷ್ ಎಂಬ ಧಾತುವಿಗೆ ಕದಿಯುವುದೆಂದು ಅರ್ಥ. ಕಣಜದ ಧಾನ್ಯವನ್ನು ಕದಿಯುವುದರಿಂದ ಇಲಿಗೆ ಮೂಷಕವೆಂದು ಹೆಸರಾಯಿತೆಂದು ನಮ್ಮವರು ಹೇಳುವರು. ಇಂಗ್ಲಿಷಿನ ಮೌಸ್, ಲ್ಯಾಟಿನ್ನಿನ ಮೂಸ್ ಇವು ಆ ವಂಶದವೇ. ಲ್ಯಾಟಿನ್ ಜನರು ತೋಳಿನ ಮಾಂಸಖಂಡವು ಚರ್ಮದ ಕೆಳಗೆ ಓಡಾಡುವುದನ್ನು ಕಂಡು ಅದಕ್ಕೆ ‘ಸಣ್ಣ ಇಲಿ’ ಎಂಬರ್ಥದ ಮುಸ್ಕುಲುಸ್ ಎಂಬ ಹೆಸರಿಟ್ಟರು. ಮಸಲ್ ಎಂಬ ಶಬ್ದವು ಅದರಿಂದ ಬಂದುದು. ಹೀಗಾಗಿ ಮೇಜಿನ ಮೇಲಿನ ಇಲಿಯೊಂದು ತೋಳಿನೊಳಗಿನ ಇಲಿಯನ್ನು ಕಚ್ಚುತ್ತಿತ್ತೆಂದು ಹೇಳಿದರೆ ಅಷ್ಟೇನೂ ಅತಿಶಯೋಕ್ತಿಯಾಗದು.

ಅಕ್ಕನ ಮಗನು ಕಂಪ್ಯೂಟರಿನ ಉದ್ಯೋಗದಲ್ಲಿರುವವನು. ಒಂದು ಭಾನುವಾರ ಬಂದವನು ನನ್ನ ಅವಸ್ಥೆಯನ್ನು ಸ್ವಲ್ಪ ಹೊತ್ತು ನೋಡಿ, “ಮಾವ, ತೋಳನ್ನೇಕೆ ಓಡಿಸುತ್ತೀರಿ? ಗುಂಡನ್ನು ಉರುಳಿಸಿ, ಸಾಕು” ಎಂದನು. ಮುಂದಿನ ವಾರವೇ ಟ್ರ್ಯಾಕ್‌ಬಾಲ್ ಎಂಬ ಉಪಕರಣವೊಂದನ್ನು ತಂದುಕೊಟ್ಟನು. ಅಗಲವಾದ ಒಂದು ಪೀಠ; ಅದರ ನಡುವಿನ ಗುಳಿಯಲ್ಲಿ ದೊಡ್ಡ ನಿಂಬೆಯ ಹಣ್ಣಿನಷ್ಟು ಗಾತ್ರದ ಕರಿಯ ಗುಂಡು; ಸುತ್ತಲೂ ಒತ್ತುವ ಗುಂಡಿಗಳು. ಗುಂಡು ಮೂರು ಸಣ್ಣ ಬಿಂದುಗಳ ಮೇಲೆ ಮಾತ್ರ ನಿಂತಿರುವುದರಿಂದ ಬೆರಳು ತಾಗಿದರೆ ಸಾಕು, ನುಣ್ಣಗೆ ತಿರುಗುತ್ತದೆ. ಒಳಗಿರುವ ಬೆಳಕಿನ ಕಣ್ಣು ಅದು ತಿರುಗಿದ ದಿಕ್ಕನ್ನೂ ವೇಗವನ್ನೂ ನೋಡಿಕೊಂಡು ತೆರೆಯ ಮೇಲಿನ ಬಾಣವನ್ನು ನಡೆಸುವುದು. ಪೀಠವು ಇಟ್ಟಲ್ಲಿಂದ ಕದಲುವುದಿಲ್ಲ. ತೋಳು ಕದಲಬೇಕಾಗಿಯೂ ಇಲ್ಲ.

ಕದಲದ ವಸ್ತುವಿಗೆ ಮೈದಾನ ಬೇಡ. ನಮ್ಮ ತಂದೆಯವರ ಕಾಲದ ಈಸಿಚೇರಿನ ಉದ್ದನೆಯ ತೋಳುಹಲಗೆಯು ಮೌಸು ಓಡಾಡುವಷ್ಟು ಅಗಲವಿಲ್ಲ. ಈ ಪೀಠವಾದರೆ ಅದರ ಮೇಲೆ ಹಾಯಾಗಿ ಕೂರುತ್ತದೆ. ನಾನು ಅದನ್ನು ಎಡಗಡೆಗೇ ಇಟ್ಟುಕೊಂಡೆನು. ಎರಡು ಮಗ್ಗುಲೂ ಒಂದೇ ಆಕಾರವುಳ್ಳದ್ದಾದ್ದರಿಂದ ಯಾವ ಕೈಗಾದರೂ ಒಪ್ಪುವುದು. ಗುಂಡಿಗಳ ಕೆಲಸವನ್ನು ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬದಲಾಯಿಸುವ ಏರ್ಪಾಡು ಕಂಪ್ಯೂಟರಿನಲ್ಲಿಯೇ ಇದೆ. ಎಡಗೈಯಿಂದ ಕೊಡಬಾರದು, ತೆಗೆದುಕೊಳ್ಳಬಾರದು ಎಂದು ಮಕ್ಕಳಿಗೆ ಹೇಳಿಕೊಟ್ಟ ಮೇಷ್ಟ್ರು ಅರುವತ್ತನೆಯ ವಯಸ್ಸಿನಲ್ಲಿ ಎಡಗೈಗೆ ಅಕ್ಷರಾಭ್ಯಾಸ ಮಾಡಿಸಿದುದನ್ನು ಕಂಡು ಮನೆಯಲ್ಲಿ ನಗೆ ಎದ್ದಿತು. ಎಡಗೈಯಿಂದಲೂ ಬಾಣ ಬಿಡಬಲ್ಲವನಾದ್ದರಿಂದಲೇ ಅರ್ಜುನನಿಗೆ ಸವ್ಯಸಾಚಿಯೆಂಬ ಬಿರುದು ಬಂದಿತೆಂದು ನಾನು ವಾದಿಸಿದೆನು. ನಾನು ನಡೆಸುವುದೂ ಬಾಣವನ್ನೇ ಅಲ್ಲವೇ!

ಮೊದಲ ವಾರ ಬಾಣವು ಕಟ್ಟು ಬಿಚ್ಚಿದ ಕರುವಿನ ಹಾಗೆ ತೆರೆಯ ಮೂಲೆಮೂಲೆಗೂ ನೆಗೆಯಿತು. ಅಳಿಯನು ಫೋನಿನಲ್ಲಿ ಹೇಳಿದಂತೆ ಅದರ ವೇಗವನ್ನು ಅರ್ಧಕ್ಕೆ ಇಳಿಸಿದ ಮೇಲೆ ಹದಕ್ಕೆ ಬಂದಿತು. ಹತ್ತು ಹನ್ನೆರಡು ದಿನಗಳಲ್ಲಿ ಅನುಸ್ವಾರದ ಪಕ್ಕದಲ್ಲಿ ನಿಲ್ಲಿಸೆಂದರೆ ಅಲ್ಲಿಯೇ ನಿಲ್ಲಿಸಬಲ್ಲವನಾದೆನು. ಕಷ್ಟವಾಗಿ ಉಳಿದುದು ಒಂದೇ: ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಗುಂಡನ್ನು ಉರುಳಿಸಿ ಪಂಕ್ತಿಗಳನ್ನು ಗುರುತು ಮಾಡುವುದು. ಒಂದೇ ಕೈಯ ಬೆರಳುಗಳಲ್ಲಿ ಒಂದು ಸ್ಥಿರವಾಗಿರಬೇಕು, ಇನ್ನೊಂದು ಚಲಿಸಬೇಕು. ವೀಣೆ ಬಾರಿಸುವವರಿಗೆ ಇದು ಸುಲಭವಿದ್ದೀತು. ನಾನು ಕೀಲಿಮಣೆಯ ಷಿಫ್ಟ್ ಕೀಲಿಯನ್ನು ಬಲಗೈಯಿಂದ ಒತ್ತಿಕೊಂಡು, ಪಂಕ್ತಿಯ ಮೊದಲಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಗುರುತು ಮಾಡಿ ಆ ತೊಡಕನ್ನು ದಾಟುತ್ತೇನೆ.

ಇದು ಹೊಸ ಕಾಲದ ಚಮತ್ಕಾರವೆಂದು ನಾನು ಭಾವಿಸಿದ್ದೆನು. ಹಾಗಲ್ಲ, ಇವೆರಡರಲ್ಲಿ ಕಂದುಕವೇ ಹಿರಿಯದು. ೧೯೪೬ರಲ್ಲಿ ಬ್ರಿಟಿಷ್ ನೌಕಾಪಡೆಯ ರೇಡಾರ್ ಕೆಲಸಕ್ಕಾಗಿ ರಾಲ್ಫ್ ಬೆಂಜಮಿನ್ ಎಂಬ ವಿಜ್ಞಾನಿಯು ಉರುಳುವ ಗುಂಡಿನ ಈ ಉಪಾಯವನ್ನು ಕಂಡುಹಿಡಿದನು. ಸೈನ್ಯದ ಗುಟ್ಟಾದುದರಿಂದ ಅದು ಹೊರಗೆ ಬರಲಿಲ್ಲ. ೧೯೫೨ರಲ್ಲಿ ಕೆನಡಾ ದೇಶದವರು ತಮ್ಮ ನೌಕಾಪಡೆಗಾಗಿ ಅಂಥದೇ ಒಂದನ್ನು ನಿರ್ಮಿಸಿದರು. ಅದಕ್ಕೆ ಅವರು ಬಳಸಿದುದು ಐದು ಗೂಟಗಳ ಬೌಲಿಂಗ್ ಆಟದ ಚೆಂಡನ್ನು! ಅಮೆರಿಕದ ಡಗ್ಲಸ್ ಎಂಗೆಲ್‌ಬಾರ್ಟನೂ ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷನೂ ಮರದ ಪೆಟ್ಟಿಗೆಗೆ ಎರಡು ಗಾಲಿಗಳನ್ನು ಜೋಡಿಸಿ ಮೌಸನ್ನು ಮಾಡಿದುದು ಆಮೇಲೆ. ೧೯೬೮ರ ಡಿಸೆಂಬರ್ ೯ರಂದು ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಅದನ್ನು ಸಭೆಗೆ ತೋರಿಸಿದರು. ಅದೇ ವರ್ಷ ಜರ್ಮನಿಯ ಟೆಲಿಫುಂಕೆನ್ ಎಂಬ ಕಂಪೆನಿಯವರು ಗುಂಡಿನ ಉಪಕರಣವನ್ನು ತಲೆಕೆಳಗು ಮಾಡಿ, ಹೊಟ್ಟೆಯಲ್ಲಿ ಗುಂಡಿರುವ ಮೌಸನ್ನು ಹೊರತಂದರು. ಇಪ್ಪತ್ತು ಮೂವತ್ತು ವರ್ಷಗಳ ಹಿಂದೆ ನಮ್ಮ ಶಾಲೆಗಳಿಗೆ ಮೊದಲು ಬಂದ ಮೌಸುಗಳ ಹೊಟ್ಟೆಯಲ್ಲಿಯೂ ರಬ್ಬರಿನ ಗುಂಡಿದ್ದು, ತುಂಟ ಹುಡುಗರು ಅದನ್ನು ತೆಗೆದು ಜೇಬಿಗಿಳಿಸುತ್ತಿದ್ದುದು ಉಪಾಧ್ಯಾಯರಾಗಿದ್ದವರಿಗೆಲ್ಲ ಜ್ಞಾಪಕವಿದ್ದೀತು.

ಈ ಉಪಕರಣದ ಸೇವೆಯೂ ಸ್ವಲ್ಪ ಉಂಟು. ಬೆರಳಿನ ಜಿಡ್ಡೂ ಧೂಳೂ ಸೇರಿ ಆ ಮೂರು ಬಿಂದುಗಳ ಮೇಲೆ ಬೂದುಬಣ್ಣದ ಕಿಟ್ಟ ಕಟ್ಟುತ್ತದೆ. ಗುಂಡು ತಡೆತಡೆದು ಉರುಳತೊಡಗುವುದು. ಆಗ ಗುಂಡನ್ನು ಹೊರಗೆ ತೆಗೆದು, ಒಣಬಟ್ಟೆಯಿಂದ ಒರೆಸಿ, ಗುಳಿಯನ್ನೂ ಶುಚಿ ಮಾಡಬೇಕು. ನಾನು ಇದಕ್ಕೆ ಶನಿವಾರವನ್ನು ಗೊತ್ತು ಮಾಡಿಕೊಂಡಿದ್ದೇನೆ. ಕರಿಯ ಗುಂಡನ್ನು ಅಂಗೈಯಲ್ಲಿಟ್ಟುಕೊಂಡು ಒರೆಸುತ್ತಿರುವಾಗ ನನ್ನ ಪತ್ನಿಯು ಅಡುಗೆಮನೆಯ ಬಾಗಿಲಲ್ಲಿ ನಿಂತು, “ನಿಮ್ಮ ಸಾಲಿಗ್ರಾಮಕ್ಕೆ ಈ ಹೊತ್ತಿನ ಸ್ನಾನವಾಯಿತೇ?” ಎಂದು ವಿಚಾರಿಸದೆ ಇರುವುದಿಲ್ಲ.

ಇದು ಔಷಧಿಯೆಂದು ವಾಚಕರು ತಿಳಿಯಬಾರದು. ಭುಜದ ಬಿಗಿ ಸಡಿಲವಾಗುತ್ತಿರುವುದು ವ್ಯಾಯಾಮದಿಂದ ಮತ್ತು ಕಾಲದಿಂದ. ಗುಂಡು ಮಾಡಿದುದು ಆ ಕಾಲವನ್ನು ಉಳಿಸಿಕೊಟ್ಟುದಷ್ಟೇ. ಹೆಬ್ಬೆರಳಿನಿಂದ ಉರುಳಿಸುವ ಇನ್ನೊಂದು ಜಾತಿಯದೂ ಉಂಟು. ಅದರಲ್ಲಿ ದುಡಿಮೆಯೆಲ್ಲ ಹೆಬ್ಬೆರಳೊಂದರ ಮೇಲೆ ಬೀಳುವುದರಿಂದ, ಆ ಕೀಲಿನಲ್ಲಿ ಮೊದಲೇ ನೋವಿರುವವರು ಅದರ ಗೊಡವೆಗೆ ಹೋಗದಿರುವುದು ಮೇಲು. ಚಿತ್ರ ಬರೆಯುವವರಿಗೂ ಇದು ರುಚಿಸಲಾರದು.

ಮೊದಲ ನಾಲ್ಕು ಪುಸ್ತಕಗಳು ದಪ್ಪಕ್ಷರದಲ್ಲಿ ಅಚ್ಚಾಗಿ ಹಾಸನಕ್ಕೆ ಹೋಗಿವೆ. ಅಕ್ಕ ಬೆಳಗಿನ ಬಿಸಿಲಿನಲ್ಲಿ ಕುಳಿತು ದಿನಕ್ಕೆ ಎರಡು ಹಾಳೆಯಂತೆ ಓದುತ್ತಾಳೆ. ಎಂಟನೆಯ ಸರ್ಗದಲ್ಲಿ, ಇಂದುಮತಿಯನ್ನು ಕಳೆದುಕೊಂಡ ಅಜನು ವಿಲಪಿಸುವ ಭಾಗದ ಟಿಪ್ಪಣಿಯಲ್ಲಿ, ನೀರು ಬಿದ್ದು ಮಸಿ ಹರಡಿ ಮೂರು ಪಂಕ್ತಿಗಳು ಅಳಿಸಿಹೋಗಿದ್ದವು. ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಅಕ್ಷರ ಹೊರಡಲಿಲ್ಲ. ಅಕ್ಕನಿಗೆ ಫೋನು ಮಾಡಿ ಹಿಂದಿನ ವಾಕ್ಯವನ್ನೂ ಮುಂದಿನ ವಾಕ್ಯವನ್ನೂ ಓದಿ ಹೇಳಿದೆನು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬರಕೋ” ಎಂದು, ನಡುವಿನ ಮೂರು ಪಂಕ್ತಿಗಳನ್ನು ಅಣ್ಣನ ಧಾಟಿಯಲ್ಲಿಯೇ, ಅವರು ನಿಲ್ಲಿಸುತ್ತಿದ್ದಲ್ಲಿ ನಿಲ್ಲಿಸಿ ಹೇಳಿದಳು. ಆ ನೀರು ಮಳೆಯದಲ್ಲವೆಂದೂ, ಆ ಸಂಜೆ ಬರೆಯುತ್ತಿದ್ದಾಗ ತನ್ನ ಕಣ್ಣಿನಿಂದಲೇ ಬಿದ್ದುದೆಂದೂ ಆಮೇಲೆ ಹೇಳಿದಳು. ನಮ್ಮ ತಾಯಿಯವರು ತೀರಿಕೊಂಡ ವರ್ಷ ಅದಂತೆ, ನಾನಾಗ ಕೈಗೂಸು.

ಐದನೆಯ ಪುಸ್ತಕವನ್ನು ಈ ತಿಂಗಳು ತೆರೆದಿದ್ದೇನೆ. ದಿನಕ್ಕೆ ನಾಲ್ಕು ಪುಟ ಸಾಗುತ್ತದೆ. ಈಗ ಹದಿಮೂರನೆಯ ಸರ್ಗ. ಪುಷ್ಪಕವು ಇನ್ನೂ ಸಮುದ್ರದ ಮೇಲೆಯೇ ಇದೆ.