ಮಾಥೇರಾನಿನಲ್ಲಿ ಮತ್ತೆ ಕುದುರೆ ಸವಾರಿ

ಕಾರು, ಬಸ್ಸು, ಸ್ಕೂಟರುಗಳ ಸದ್ದೇ ಇಲ್ಲದ ಊರೊಂದನ್ನು ನೀವು ನೋಡಿದ್ದೀರಾ? ನಮ್ಮ ಊರುಗಳಲ್ಲಿ ಬೆಳಗಾಗುವುದೇ ಹಾರನ್ನಿನ ಕೂಗಿನಿಂದ. "ರಸ್ತೆ ದಾಟುವಾಗ ಜೋಪಾನ" ಎಂದು ಹೇಳದೆ ಮಕ್ಕಳನ್ನು ಶಾಲೆಗೆ ಕಳಿಸುವ ತಾಯಿ ಯಾರಿದ್ದಾರೆ, ಹೇಳಿ! ಆದರೆ ಮುಂಬೈ ಮತ್ತು ಪುಣೆಯ ನಡುವೆ, ಸಹ್ಯಾದ್ರಿಯ ಒಂದು ಬೆಟ್ಟದ ನೆತ್ತಿಯ ಮೇಲೆ, ಅಂಥ ಊರೊಂದಿದೆ. ಅದರ ಹೆಸರು ಮಾಥೇರಾನ್. ಮರಾಠಿಯಲ್ಲಿ 'ಮಾಥಾ' ಎಂದರೆ ತಲೆ, 'ರಾನ್' ಎಂದರೆ ಕಾಡು. ಬೆಟ್ಟದ ತಲೆಯ ಮೇಲಿನ ಕಾಡು! ಅಲ್ಲಿಗೆ ಹೋದವರಿಗೆ ಹೆಸರು ಎಷ್ಟು ಸರಿ ಎಂದು ತಾನೇ ತಿಳಿಯುತ್ತದೆ.

ಸುಮಾರು 800 ಮೀಟರ್ ಎತ್ತರದ ಈ ಗಿರಿಧಾಮವನ್ನು 1850ರಲ್ಲಿ ಠಾಣೆಯ ಕಲೆಕ್ಟರನಾಗಿದ್ದ ಹ್ಯೂ ಮ್ಯಾಲೆಟ್ ಎಂಬ ಇಂಗ್ಲಿಷರವನು ಕಂಡು, ಹೊರಜಗತ್ತಿಗೆ ತಿಳಿಸಿದ. ಅಂದಿನಿಂದ ಇಂದಿನವರೆಗೂ ಊರೊಳಕ್ಕೆ ಮೋಟಾರು ಬಿಟ್ಟಿಲ್ಲ. ಆಂಬುಲೆನ್ಸಿನಂಥ ತುರ್ತು ವಾಹನಗಳಿಗೆ, ಈಚೆಗೆ ಬ್ಯಾಟರಿ ರಿಕ್ಷಾಗಳಿಗೆ ಮಾತ್ರ ವಿನಾಯಿತಿ. ಉಳಿದವರ ಕಾರುಗಳೆಲ್ಲ ದಸ್ತೂರಿ ನಾಕಾ ಎಂಬಲ್ಲಿ ನಿಲ್ಲಬೇಕು. ಅಲ್ಲಿಂದ ಮುಂದೆ ಪೇಟೆಗೆ ಎರಡೂವರೆ ಕಿಲೋಮೀಟರಿನಷ್ಟು ಕೆಂಪು ಮಣ್ಣಿನ ದಾರಿ. ನಡೆಯಬಹುದು, ಪುಟ್ಟ ರೈಲು ಹಿಡಿಯಬಹುದು, ಇಲ್ಲವೆ ಕುದುರೆ ಏರಬಹುದು.

ಕುದುರೆ ಎಂದೊಡನೆ "ಅಯ್ಯೋ, ನಮಗೇಕಮ್ಮಾ ಅದು!" ಎನ್ನಬೇಡಿ. ಹುಬ್ಬಳ್ಳಿಯ ವೃತ್ತದಲ್ಲಿ ಕಿತ್ತೂರು ಚೆನ್ನಮ್ಮ ಕುದುರೆಯ ಮೇಲೆ ಕುಳಿತಿರುವುದನ್ನು ನೋಡುತ್ತ ಬೆಳೆದವರು ನಾವು. ಅವಳಂತೆ ಯುದ್ಧಕ್ಕೇನೂ ಹೋಗಬೇಕಿಲ್ಲ. ಮರದ ನೆರಳಿನಲ್ಲಿ ಮೆಲ್ಲಗೆ ಒಂದು ಅರ್ಧ ಗಂಟೆ, ಅಷ್ಟೇ.

ಮೋತಿಯ ಪರಿಚಯ

ನನ್ನ ತಂಗಿ ಇರುವುದು ಡೊಂಬಿವಲಿಯಲ್ಲಿ. ಚಳಿಗಾಲದಲ್ಲಿ ಅವಳ ಮನೆಗೆ ಹೋದಾಗ ಇಬ್ಬರೂ ಸೇರಿ ಎರಡು ಮೂರು ದಿನ ಮಾಥೇರಾನಿಗೆ ಹೋಗಿಬರುವುದು ನಮ್ಮ ರೂಢಿ. ಅಲ್ಲಿ ನಾನು ಏರುತ್ತಿದ್ದುದು ಯಾವಾಗಲೂ ಒಂದೇ ಕುದುರೆ. ಮೋತಿ ಎಂದು ಹೆಸರು, ಕಂದು ಬಣ್ಣದ ಹೆಣ್ಣು ಕುದುರೆ. ಅದರ ಯಜಮಾನರು ವಯಸ್ಸಾದವರು. ನಾನು ಅವರನ್ನು ಮಾಮಾ ಎನ್ನುತ್ತೇನೆ, ಅವರು ನನ್ನನ್ನು 'ತಾಯೀ' ಎನ್ನುತ್ತಾರೆ. ಮೊದಲ ಸಲ ಕೇಳಿದಾಗ, ಇಷ್ಟು ಹಿರಿಯರು ನನ್ನನ್ನು ತಾಯಿ ಅನ್ನುತ್ತಾರಲ್ಲ ಎಂದು ಸಂಕೋಚವಾಗಿತ್ತು. ಮರಾಠಿಯಲ್ಲಿ ಆ ಮಾತಿಗೆ 'ಅಕ್ಕ' ಎಂದರ್ಥವೆಂದು ತಂಗಿ ಹೇಳಿ ನಕ್ಕಳು.

2022 ನನ್ನ ಪಾಲಿಗೆ ಕಷ್ಟದ ವರ್ಷ. ಫೆಬ್ರವರಿಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಗಾಯ ಮಾಯಲು ತಡವಾಗಿ, ತಿಂಗಳುಗಟ್ಟಲೆ ನಿಶ್ಶಕ್ತಿ. ದೇಹಕ್ಕಿಂತ ಹೆಚ್ಚಾಗಿ ಸೋತದ್ದು ಧೈರ್ಯ. ಮೆಟ್ಟಿಲು ಇಳಿಯುವಾಗಲೂ ಗೋಡೆ ಹಿಡಿಯುವಂತಾಯಿತು. ನಿಮ್ಮಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿದ್ದೀತು. 2023ರ ಜನವರಿಯಲ್ಲಿ ಡಾಕ್ಟರು "ಇನ್ನು ಎಲ್ಲ ಮಾಡಬಹುದು, ಆದರೆ ನಿಧಾನವಾಗಿ" ಎಂದರು. "ಕುದುರೆ ಹತ್ತಬಹುದೇ?" ಎಂದೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿ, "ಓಡಿಸಬೇಡಿ" ಎಂದಷ್ಟೇ ಹೇಳಿದರು.

ದಸ್ತೂರಿ ನಾಕಾದಲ್ಲಿ ಟ್ಯಾಕ್ಸಿಯಿಂದ ಇಳಿದಾಗ, ಆಗಷ್ಟೇ ಪ್ರಯೋಗಕ್ಕೆಂದು ಬಿಟ್ಟಿದ್ದ ಬ್ಯಾಟರಿ ರಿಕ್ಷಾ ಒಂದು ನಿಂತಿತ್ತು. ತಂಗಿಗೆ ಅದೇ ಸರಿಯೆನಿಸಿತು.

"ಅಕ್ಕಾ, ಹೊಟ್ಟಿ ಮ್ಯಾಲೆ ಹೊಲಿಗಿ ಹಾಕಿ ಇನ್ನೂ ವರ್ಷ ತುಂಬಿಲ್ಲ. ಆ ಕುದುರಿನೂ ಮುದುಕಿ ಆಗೇದ. ಸುಮ್ಮನ ರಿಕ್ಷಾದಾಗ ಕೂಡು."

ಅವಳು ಹೇಳಿದ್ದು ಸುಳ್ಳಲ್ಲ. ಮೋತಿಯ ಕಣ್ಣಿನ ಮೇಲೆ ಗುಳಿ ಬಿದ್ದಿತ್ತು, ಮುಖದ ಕೂದಲು ನರೆತಿತ್ತು, ಬೆನ್ನು ನಡುವೆ ತುಸು ಬಾಗಿತ್ತು. ವಯಸ್ಸೆಷ್ಟು ಎಂದು ಕೇಳಿದೆ. 18 ಎಂದರು ಮಾಮಾ. ನನಗೆ ನಂಬಿಕೆ ಬರಲೆಂದು ತುಟಿ ಎತ್ತಿ ಹಲ್ಲು ತೋರಿಸಿದರು. ಕುದುರೆಯ ಮೇಲ್ಸಾಲಿನ ಮುಂಬಲ್ಲುಗಳಲ್ಲಿ ಅಂಚಿನದರ ಮೇಲೆ, ಹತ್ತು ವರ್ಷದ ಹೊತ್ತಿಗೆ ವಸಡಿನ ಬಳಿ ಒಂದು ಕಂದುಗೆರೆ ಹುಟ್ಟುತ್ತದೆ. 15ಕ್ಕೆ ಅದು ಹಲ್ಲಿನ ಅರ್ಧಕ್ಕೆ ಇಳಿಯುತ್ತದೆ, 20ಕ್ಕೆ ತುದಿ ಮುಟ್ಟುತ್ತದೆ. ಮೋತಿಯ ಗೆರೆ ಅರ್ಧ ದಾಟಿತ್ತು. ಚೆನ್ನಾಗಿ ಸಾಕಿದ ಕುದುರೆ 25ರಿಂದ 30 ವರ್ಷ ಬದುಕುತ್ತದೆ. ಅಂದರೆ ಮೋತಿ ತೀರ ಹಣ್ಣು ಮುದುಕಿಯಲ್ಲ, ನಮ್ಮ ಲೆಕ್ಕದಲ್ಲಿ ಮೊಮ್ಮಕ್ಕಳನ್ನು ಕಂಡ ಹೆಂಗಸು.

"ನಾನು ಕೂತರೆ ಅದಕ್ಕೆ ನೋವಾಗೋದಿಲ್ಲವೇ ಮಾಮಾ?" ಎಂದು ಕೇಳಿದೆ. ನನಗೆ ಬೇಕಾಗಿದ್ದ ಉತ್ತರವನ್ನು ಅವರು ಕೊಡಲಿಲ್ಲ. ಮೊದಲು ನನ್ನ ತೂಕ ಕೇಳಿದರು! ಕಾಯಿಲೆಯಿಂದ ಇಳಿದು 48 ಕಿಲೋ ಆಗಿದ್ದೆ. ಆಮೇಲೆ ಮೋತಿಯ ಬೆನ್ನಿನ ಉದ್ದಕ್ಕೂ ಅಂಗೈ ಒತ್ತಿ ನೋಡಿದರು. ಎಲ್ಲಿಯೂ ಅದು ಮೈ ಕುಗ್ಗಿಸಲಿಲ್ಲ. ಹತ್ತು ಹೆಜ್ಜೆ ನಡೆಸಿ, ನಾಲ್ಕೂ ಕಾಲು ಒಂದೇ ಸಮನೆ ಬೀಳುತ್ತಿವೆಯೇ ಎಂದು ತೋರಿಸಿದರು. "ಸುಮ್ಮನೆ ನಿಲ್ಲಿಸಿದರೆ ಇವಳ ಕೀಲು ಹಿಡಿಯುತ್ತೆ ತಾಯೀ. ಮೆಲ್ಲಗೆ ನಡೆದರೆ ಸಡಿಲವಾಗುತ್ತೆ. ಸಪಾಟಿನಲ್ಲಿ ನೀವು ಕೂರಿ, ಏರು ಬಂದಾಗ ಇಳಿದು ನಡೀರಿ" ಎಂದರು.

ನೆಲದಿಂದ ಹತ್ತಲಿಲ್ಲ. ಪಕ್ಕದ ಕಲ್ಲುಕಟ್ಟೆಯ ಮೇಲೆ ನಿಂತು ಹತ್ತಿದೆ. ಹಾಗೆ ಹತ್ತಿದರೆ ನಮ್ಮ ಹೊಟ್ಟೆಗೂ ಜಗ್ಗುವುದಿಲ್ಲ, ಕುದುರೆಯ ಬೆನ್ನೂ ಒಂದೇ ಕಡೆಗೆ ಎಳೆಯುವುದಿಲ್ಲ. ಕುಳಿತ ಮೇಲೆ ನನ್ನ ಕೈ ನಡುಗುತ್ತಿತ್ತು. ಮೋತಿ ಒಂದು ಕಿವಿಯನ್ನು ನನ್ನತ್ತ ತಿರುಗಿಸಿ ನಿಂತೇ ಇತ್ತು. ನನ್ನ ಉಸಿರು ಸಮವಾದ ಮೇಲೆಯೇ ಹೊರಟಿತು. ಅದು ನನ್ನನ್ನು ಗುರುತಿಸಿತೆಂದು ನಾನು ಹೇಳಲಾರೆ. ಆದರೆ ಅಂಜುವವರನ್ನು ಹೊತ್ತು ಅದಕ್ಕೆ ರೂಢಿ ಇತ್ತು. ಎಳೆಯ ಕುದುರೆಯಾದರೆ ಸವಾರಳ ಹೆದರಿಕೆ ತಿಳಿದು ತಾನೂ ಹೆದರುತ್ತದೆ.

ಮಾಮಾನ ಲೆಕ್ಕ

ದಾರಿಯಲ್ಲಿ ಮಾಮಾ 2020ರ ಕಥೆ ಹೇಳಿದರು. ಮಾರ್ಚಿನಲ್ಲಿ ದೇಶವೆಲ್ಲ ಮುಚ್ಚಿತಲ್ಲ, ಆಗ ಮಾಥೇರಾನಿಗೆ ಒಬ್ಬ ಪ್ರವಾಸಿಯೂ ಇಲ್ಲ. ರಿಕ್ಷಾಕ್ಕಾದರೆ ಓಡಿಸದ ದಿನ ಖರ್ಚಿಲ್ಲ. ಕುದುರೆಗೆ ಹಾಗಲ್ಲ. ದುಡಿಯದ ದಿನವೂ ಹುಲ್ಲು, ಬೂಸಾ, ಕಡಲೆ ಬೇಕು, ಬಕೆಟ್ಟುಗಟ್ಟಲೆ ನೀರು ಬೇಕು. ಮನೆಯಲ್ಲಿ ಅನ್ನಕ್ಕೆ ಲೆಕ್ಕ ಹಾಕುತ್ತಲೇ ಮೋತಿಯನ್ನು ಸಾಕಿದರಂತೆ.

ಮತ್ತೆ ಪ್ರವಾಸಿಗರು ಬರತೊಡಗಿದಾಗ ಅವರು ಮೊದಲ ದಿನವೇ ಜೀನು ಕಟ್ಟಲಿಲ್ಲ. ಒಂದು ತಿಂಗಳು ಬರಿಯ ಬೆನ್ನಿನಲ್ಲಿ, ದಿನಕ್ಕೆ ಇಪ್ಪತ್ತು ನಿಮಿಷದಿಂದ ಶುರುಮಾಡಿ ನಡೆಸಿದರು. ಆಮೇಲೆ ಜೀನು ಹಾಕಿ ನಡೆಸಿದರು. ಆಮೇಲೆ ಚಿಕ್ಕ ಮಕ್ಕಳನ್ನು ಕೂರಿಸಿದರು. ದೊಡ್ಡವರನ್ನು ಕೂರಿಸಿದ್ದು ಕೊನೆಗೆ. ಕೈಯಲ್ಲಿ ಕಾಸಿಲ್ಲದಾಗ ಇಷ್ಟು ತಾಳ್ಮೆ ಹೇಗೆ ಬಂತು ಎಂದರೆ ಅವರೆಂದರು: "ಉಸಿರು ಬೇಗ ಬರುತ್ತೆ ತಾಯೀ, ಕಾಲು ತಡವಾಗಿ ಬರುತ್ತೆ. ಉಸಿರು ನೋಡಿ ಓಡಿಸಿದರೆ ಕಾಲು ಹೋಗುತ್ತೆ."

ಇದು ಬರಿಯ ನಾಣ್ಣುಡಿಯಲ್ಲ, ಸೋದರಿಯರೇ. ಬಹುಕಾಲ ಬಿಡುವಾಗಿದ್ದ ಕುದುರೆಯ ಹೃದಯ, ಶ್ವಾಸಕೋಶಗಳು ಕೆಲವು ವಾರಗಳಲ್ಲೇ ಚೇತರಿಸಿಕೊಳ್ಳುತ್ತವೆ. ಮಾಂಸಖಂಡಗಳಿಗೆ ಇನ್ನೂ ಹೆಚ್ಚು ಕಾಲ ಬೇಕು. ಸ್ನಾಯುರಜ್ಜು, ಎಲುಬುಗಳಿಗೆ ಎಲ್ಲಕ್ಕಿಂತ ಹೆಚ್ಚು. ಮೇಲೆ ನೋಡಲು ಕುದುರೆ ಹುಷಾರಾಗಿ ಕಂಡರೂ ಒಳಗೆ ಇನ್ನೂ ಕಟ್ಟುವ ಕೆಲಸ ನಡೆದೇ ಇರುತ್ತದೆ. ವಯಸ್ಸಾದ ಕುದುರೆಗಂತೂ ಇನ್ನೂ ನಿಧಾನ.

ಇದನ್ನು ಕೇಳುತ್ತ ನನಗೆ ನಮ್ಮ ಮನೆಗಳ ನೆನಪಾಯಿತು. ಹೆರಿಗೆಯೋ, ಆಪರೇಷನ್ನೋ, ದೊಡ್ಡ ಜ್ವರವೋ ಆದ ಹೆಂಗಸು ಎದ್ದು ಕೂತು ನಕ್ಕಳೆಂದರೆ ಸಾಕು, "ಇನ್ನೇನು, ಹುಷಾರಾದಳು" ಎನ್ನುತ್ತಾರೆ. ಮಾರನೆಯ ದಿನವೇ ತುಂಬಿದ ಬಿಂದಿಗೆ, ಒದ್ದೆ ಹೊದಿಕೆ, ಹಬ್ಬದ ಹೋಳಿಗೆ, ಬಂದ ನೆಂಟರು. ಯಾರೂ ಕೆಟ್ಟವರಲ್ಲ. ಅವರು ಉಸಿರು ನೋಡುತ್ತಾರೆ, ಕಾಲು ನೋಡುವುದಿಲ್ಲ. ನಾವೂ ಬಾಯಿ ಬಿಟ್ಟು ಹೇಳುವುದಿಲ್ಲ. ಓದುಬರಹ ಹೆಚ್ಚು ಕಲಿಯದ ಮಾಮಾ ತನ್ನ ಕುದುರೆಗೆ ಕೊಟ್ಟ ಒಂದು ತಿಂಗಳ ಬರಿಬೆನ್ನಿನ ನಡಿಗೆಯನ್ನು ನಮ್ಮಲ್ಲಿ ಎಷ್ಟು ಜನ ಕೇಳಿ ಪಡೆದಿದ್ದೇವೆ?

ಇನ್ನೊಂದು ಕಡೆಯೂ ಇದೆ. ಹೆದರಿ ನಿಂತೇ ಬಿಟ್ಟರೆ ಕೀಲು ಹಿಡಿಯುತ್ತದೆ. ವಿಶ್ರಾಂತಿಯೂ ಬೇಕು, ಕೆಲಸವೂ ಬೇಕು. ಅಳತೆ ಮಾತ್ರ ನಮ್ಮ ಕೈಯಲ್ಲಿರಬೇಕು.

ಪೇಟೆ ಮುಟ್ಟುವಷ್ಟರಲ್ಲಿ ಎರಡು ಕಡೆ ಇಳಿದು ಮೋತಿಯ ಪಕ್ಕದಲ್ಲಿ ನಡೆದೆ. ರಿಕ್ಷಾದಲ್ಲಿ ಮೊದಲೇ ಹೋಗಿದ್ದ ತಂಗಿ ದಾರಿ ಕಾಯುತ್ತ ನಿಂತಿದ್ದಳು. "ನಾಳೆನೂ ಹೋಗಾಕಿ ಏನು?" ಎಂದಳು. ನಾನು ಹೇಳುವ ಮೊದಲೇ ಮಾಮಾ, "ನಾಳೆ ಇಬ್ಬರಿಗೂ ರಜೆ. ನಾಡಿದ್ದು ಬರುತ್ತೇನೆ" ಎಂದು ಲಗಾಮು ಹಿಡಿದು ಹೊರಟರು.

ಏನೇನು ನೋಡಬಹುದು?

ನಾಡಿದ್ದು ಹೋದದ್ದು ಷಾರ್ಲೆಟ್ ಕೆರೆಗೆ. ಊರಿಗೆ ಕುಡಿಯುವ ನೀರು ಕೊಡುವ ಕೆರೆ ಇದು. ಸುತ್ತಲೂ ಒತ್ತಾದ ಮರಗಳು. ಪಕ್ಕದಲ್ಲೇ ಊರ ದೇವರಾದ ಪಿಸರನಾಥನ ಗುಡಿ. ಅಲ್ಲಿ ಒಂದು ಹಣ್ಣುಕಾಯಿ ಮಾಡಿಸಿ, ಮರದ ಕೆಳಗೆ ಸುಮ್ಮನೆ ಕೂತರೆ ಎದ್ದು ಬರಲು ಮನಸ್ಸಾಗುವುದಿಲ್ಲ. ಬೆಳಗಿನ ಸೂರ್ಯೋದಯಕ್ಕೆ ಪ್ಯಾನೊರಾಮಾ ಪಾಯಿಂಟ್, ಸಂಜೆಗೆ ಪಾರ್ಕ್ಯುಪೈನ್ ಪಾಯಿಂಟ್. ಕೂಗಿದರೆ ಮಾರ್ದನಿ ಕೊಡುವ ಎಕೋ ಪಾಯಿಂಟ್ ಮಕ್ಕಳಿಗೆ ಬಲು ಇಷ್ಟ. ಎಲ್ಲ ಕಡೆಯೂ ಕೋತಿಗಳ ಕಾಟ ಉಂಟು, ತಿಂಡಿಯ ಚೀಲ ಕೈಯಲ್ಲಿ ತೂಗಾಡಿಸಬೇಡಿ.

ಪುಟ್ಟ ರೈಲಿನ ಬಗ್ಗೆ ಹೇಳಲೇಬೇಕು. ಅಬ್ದುಲ್ ಹುಸೇನ್ ಆದಂಜಿ ಪೀರ್‌ಭಾಯ್ ಎಂಬುವರು ಕಟ್ಟಿಸಿದ ಈ ದಾರಿ 1907ರಲ್ಲಿ ತೆರೆಯಿತು. ಹಳಿಗಳ ನಡುವಿನ ಅಂತರ ಎರಡೇ ಅಡಿ! ನೇರಳಿನಿಂದ ಸುಮಾರು 21 ಕಿಲೋಮೀಟರ್ ಹಾವಿನಂತೆ ಸುತ್ತುತ್ತ ಹತ್ತುತ್ತದೆ. ದಾರಿಯಲ್ಲಿ ಇರುವುದು ಒಂದೇ ಸುರಂಗ. ಅದೂ ಎಷ್ಟು ಗಿಡ್ಡವೆಂದರೆ, ಹೊಸದಾಗಿ ಮದುವೆಯಾದವರನ್ನು ಕುರಿತು ಅಲ್ಲಿಯವರು ಅದಕ್ಕೊಂದು ತಮಾಷೆಯ ಹೆಸರಿಟ್ಟಿದ್ದಾರೆ. ಅದನ್ನು ನೀವು ಅಲ್ಲೇ ಕೇಳಿ ತಿಳಿಯಿರಿ! 2019ರ ಮಳೆಗೆ ಕೆಟ್ಟಿದ್ದ ಹಳಿ ದುರಸ್ತಿಯಾಗಿ, 2022ರ ಅಕ್ಟೋಬರಿನಲ್ಲಿ ಪೂರ್ತಿ ದಾರಿಗೆ ರೈಲು ಮತ್ತೆ ಬಂತು.

ಹೋಗುವವರಿಗೆ ನಾಲ್ಕು ಮಾತು

ಪುಣೆಯ ಮೇಲೆ ಮುಂಬೈಗೆ ಹೋಗುವ ರೈಲಿನಲ್ಲಿ ಹೋಗಿ ಕಲ್ಯಾಣದಲ್ಲಿ ಇಳಿದರೆ, ಕರ್ಜತ್ ಕಡೆಯ ಲೋಕಲ್ ಹಿಡಿದು ನೇರಳ್ ಸೇರಬಹುದು. ಅಲ್ಲಿಂದ ಪುಟ್ಟ ರೈಲು, ಇಲ್ಲವೆ ದಸ್ತೂರಿಯವರೆಗೆ ಟ್ಯಾಕ್ಸಿ. ಮಳೆಗಾಲದಲ್ಲಿ ನೇರಳಿನ ಪುಟ್ಟ ರೈಲು ಇರುವುದಿಲ್ಲ, ಮಣ್ಣಿನ ದಾರಿಯೂ ಜಾರುತ್ತದೆ. ನವೆಂಬರಿನಿಂದ ಫೆಬ್ರವರಿ ಹಿತ.

ಕುದುರೆ ಏರುವವರು ಚೂಡಿದಾರ ಅಥವಾ ಕಚ್ಚೆ ಸೀರೆ ಉಡಿ. ಸೆರಗು, ದುಪಟ್ಟಾ ಸೊಂಟಕ್ಕೆ ಕಟ್ಟಿ. ಮೂಗಿನ ಎದುರಿಗೇ ಆಗಲಿ, ಬಾಲದ ಹಿಂದೆ ಆಗಲಿ ಹೋಗಬೇಡಿ. ಅಲ್ಲಿ ಕುದುರೆಗೆ ಕಣ್ಣು ಕಾಣದು. ಮಾತಾಡಿಸುತ್ತ ಭುಜದ ಕಡೆಯಿಂದ ಹೋಗಿ. ಜೀನಿನ ಹೊಟ್ಟೆಪಟ್ಟಿಯ ಕೆಳಗೆ ಎರಡು ಬೆರಳು ತೂರುವಷ್ಟು ಸಡಿಲವಿದೆಯೇ ನೋಡಿ. ಜೀನೂ ಸೇರಿ ಕುದುರೆಯ ತೂಕದ ಐದನೆಯ ಒಂದು ಪಾಲಿಗಿಂತ ಹೆಚ್ಚು ಭಾರ ಸಲ್ಲದು. 300 ಕಿಲೋ ಕುದುರೆಗೆ 60 ಕಿಲೋ. ಅದಕ್ಕಿಂತ ಮೈತುಂಬಿದವರು ದೊಡ್ಡ ಕುದುರೆ ಕೇಳಿ, ಇಲ್ಲವೆ ನಡೆಯಿರಿ. ಕುಂಟುವ, ಬೆನ್ನಿನಲ್ಲಿ ಹುಣ್ಣಿರುವ ಕುದುರೆ ಕಂಡರೆ ಎಷ್ಟು ಕಡಿಮೆಗೆ ಬರುತ್ತೇನೆಂದರೂ ಏರಬೇಡಿ. ದರ ಮೊದಲೇ ಮಾತಾಡಿಕೊಳ್ಳಿ. ಇಳಿದು ನಡೆದಷ್ಟು ದಾರಿಗೆ ಹಣ ಮುರಿಯಬೇಡಿ. ಕುದುರೆಗೆ ಆ ವಿಶ್ರಾಂತಿಯನ್ನು ಕೊಡುವವರು ನೀವೇ.

ಅಲ್ಲಿ ಈಗ ಬದಲಾವಣೆಯ ಕಾಲ. ಮನುಷ್ಯರು ಎಳೆಯುವ ಕೈಗಾಡಿಗಳನ್ನು ಆರು ತಿಂಗಳೊಳಗೆ ನಿಲ್ಲಿಸಿ, ಎಳೆಯುವವರಿಗೆ ಬ್ಯಾಟರಿ ರಿಕ್ಷಾ ಸಿಗುವಂತೆ ಮಾಡಬೇಕೆಂದು 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಶಾಲೆಯ ಮಕ್ಕಳಿಗೆ, ಮುದುಕರಿಗೆ ರಿಕ್ಷಾ ಬೇಕು ಎಂಬುದೂ ನಿಜ, ಕುದುರೆಯವರಿಗೆ ಅನ್ನದ ಚಿಂತೆ ಎಂಬುದೂ ನಿಜ. ಕೈಲಾದವರು ಒಂದು ದಾರಿಗಾದರೂ ಕುದುರೆ ಕರೆಯಿರಿ.

ಕಾಯಿಲೆಯಿಂದ ಎದ್ದವರು ಮೊದಲು ಡಾಕ್ಟರನ್ನು ಕೇಳಿ. ಅವರು ಒಪ್ಪಿದರೆ, ನಿಲ್ದಾಣದಲ್ಲಿ ಥಳಥಳಿಸುವ ಎಳೆಯ ಕುದುರೆಗೆ ಮರುಳಾಗದೆ, ಮುಖ ನರೆತ, ಕಾಲು ಗಟ್ಟಿಯಿರುವ ಒಂದನ್ನು ಆರಿಸಿ, ಸಪಾಟು ದಾರಿಯಲ್ಲಿ ಇಪ್ಪತ್ತು ನಿಮಿಷ ಹೋಗಿಬನ್ನಿ. ಮಾರನೆಯ ದಿನ ರಜೆ ತೆಗೆದುಕೊಳ್ಳಿ. ಮನೆಗೆ ಬಂದ ಮೇಲೂ ಆ ಲೆಕ್ಕವನ್ನು ಬಿಡಬೇಡಿ. ಬರುವಾಗ ಪೇಟೆಯಲ್ಲಿ ಚಿಕ್ಕಿ ಕೊಳ್ಳುವುದನ್ನು ಮಾತ್ರ ಮರೆಯದಿರಿ. ನೆಲಗಡಲೆಯದು, ಎಳ್ಳಿನದು, ಗೋಡಂಬಿಯದು ಎಲ್ಲ ಸಿಗುತ್ತದೆ. ನಮ್ಮ ಮನೆಯಲ್ಲಿ ಎರಡು ದಿನವೂ ಉಳಿಯಲಿಲ್ಲ!