ತೆಂಗಿನ ನಾಡಿನಲ್ಲಿ ಹಾಡಿನ ಹಿಂಬದಿ

ತಿಪಟೂರಿನ ಸೀಮೆಯ ರೈತನಿಗೆ ಕೊಬ್ಬರಿ ಸಿದ್ಧವಾಯಿತೆಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಬಲಿತ ಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೇರಿಸಿ ಎಂಟು ಹತ್ತು ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುತ್ತದೆ. ಆಗ ಕಾಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಗೊಟಗೊಟನೆ ಸದ್ದು. ಆ ಸದ್ದು ಕೇಳುವ ತನಕ ಅವಸರಪಟ್ಟು ಒಡೆಯುವಂತಿಲ್ಲ.

ಈ ನಿಧಾನದ ನಾಡಿಗೆ ನಾನು ರೈಲಿನಲ್ಲಿ ಬರುವಾಗ ಕಿವಿಯಲ್ಲಿದ್ದುದು ಪರಮ ಅವಸರದ ಸಂಗೀತ. ವಿದ್ಯಾರ್ಥಿಯೊಬ್ಬನ ಒತ್ತಾಯಕ್ಕೆ ಮಣಿದು ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ಎಂಬ ತಂಡದ ಹಾಡುಗಳನ್ನು ಕೇಳುತ್ತಿದ್ದೆ. 1976ರ ಸುಮಾರಿಗೆ ಇಂಗ್ಲೆಂಡಿನ ತರುಣರು ಪಾಂಡಿತ್ಯದ ಹಂಗು ತೊರೆದು, ಗಿಟಾರು ಹಿಡಿದು ಕೂಗಿದ ‘ಪಂಕ್’ ಎಂಬ ಪಂಥದವರು ಇವರು. ಮೂರು ನಿಮಿಷ ತುಂಬುವಷ್ಟರಲ್ಲಿ ಹಾಡು ಮುಗಿದೇ ಹೋಗುತ್ತದೆ! 1979ರಲ್ಲಿ, ಇವರ ಬಿಡಿ ತಟ್ಟೆಗಳನ್ನು ಕಂಡಿರದ ಅಮೆರಿಕದ ಶ್ರೋತೃಗಳಿಗಾಗಿ ‘ಸಿಂಗಲ್ಸ್ ಗೋಯಿಂಗ್ ಸ್ಟೆಡಿ’ ಎಂಬ ಸಂಕಲನ ಹೊರಟಿತು. ಅದರ ಜೋಡಣೆ ನನಗೆ ಬಹಳ ಹಿಡಿಸಿತು. ಎಂಟು ಬಿಡಿ ತಟ್ಟೆಗಳ ಮುಂಬದಿಯ ಹಾಡುಗಳೆಲ್ಲ ಒಂದು ಮಗ್ಗುಲಿಗೆ. ಯಾರೂ ಅಷ್ಟಾಗಿ ಲಕ್ಷ್ಯಕೊಡದ ಹಿಂಬದಿಯ ಎಂಟು ಹಾಡುಗಳು ಇನ್ನೊಂದು ಮಗ್ಗುಲಿಗೆ. ‘ಉತ್ತಮೋತ್ತಮ’ವೆಂದು ಆರಿಸುವಾಗಲೂ ಹಿಂಬದಿಯನ್ನು ಬಿಸುಡಲಿಲ್ಲ.

ಅದೇ 1979ರಲ್ಲಿ ತಿಪಟೂರಿನ ಮಗ ನರಸಿಂಹರಾಜು ತೀರಿಕೊಂಡರು. ಗುಬ್ಬಿ ಕಂಪನಿಯ ರಂಗದಲ್ಲಿ ಪಳಗಿ, 1954ರ ‘ಬೇಡರ ಕಣ್ಣಪ್ಪ’ದಿಂದ ಚಿತ್ರರಂಗಕ್ಕೆ ಬಂದ ಈ ಹಾಸ್ಯನಟ, ನಾಯಕನಲ್ಲದೆಯೂ ಜನರನ್ನು ಚಿತ್ರಮಂದಿರಕ್ಕೆ ಎಳೆದು ತಂದವರು. ಅವರೂ ಒಂದು ಬಗೆಯಲ್ಲಿ ತಟ್ಟೆಯ ಹಿಂಬದಿಯೇ ಅಲ್ಲವೆ?

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯನ್ನು ನೋಡದೆ ಮುಂದೆ ಹೋಗಬಾರದು. ಅಲ್ಲಿನ ಕಲ್ಲೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ, 9ನೆಯ ಶತಮಾನದ ಶಿಲ್ಪಿ ನರ್ತಿಸುವ ಶಿವನನ್ನು ಬಿಡಿಸಿದ್ದಾನೆ. ಸುತ್ತ ಅಷ್ಟದಿಕ್ಪಾಲಕರು. ನನ್ನ ಕಣ್ಣು ನಿಂತುದು ಶಿವನ ಪಕ್ಕದ ವಾದ್ಯಗಾರರ ಮೇಲೆ. ಅವರಿಲ್ಲದೆ ಆ ಹೆಜ್ಜೆಗೆ ತಾಳವೆಲ್ಲಿ? ಕತ್ತು ನೋಯುವ ತನಕ ನೋಡಿದೆ.

ತುರುವೇಕೆರೆಯ ದಾರಿಯುದ್ದಕ್ಕೂ ತೋಟ, ತೋಟ, ನಡುವೆ ರಾಗಿಯ ಹೊಲ. ಇದು ‘ಕುರುಕ್ಷೇತ್ರ’ ನಾಟಕದ ಸೀಮೆ. ಗುಬ್ಬಿ ವೀರಣ್ಣನವರು ಆನೆ ಕುದುರೆಗಳನ್ನೇ ರಂಗಕ್ಕೇರಿಸಿ ಆಡಿದ ಆ ಕಥೆಯನ್ನು ಇಲ್ಲಿನ ಹಳ್ಳಿಗರು ಇಂದಿಗೂ ರಾತ್ರಿಯಿಂದ ಬೆಳಗಿನವರೆಗೆ ಆಡುತ್ತಾರೆ. ಪಾತ್ರಧಾರಿಗಳೇ ಕೈಯಿಂದ ಹಣ ಹಾಕಿ ಪಾತ್ರ ಪಡೆಯುತ್ತಾರೆ. ಆದರೆ ಬಸ್ಸಿನಲ್ಲಿ ನನ್ನ ಪಕ್ಕದ ತರುಣನ ಫೋನಿನಲ್ಲಿದ್ದುದು ನಾಟಕವಲ್ಲ, ಆಯ್ದ ರಂಗಗೀತೆಗಳು. ಕೃಷ್ಣನದೊಂದು, ದುರ್ಯೋಧನನದೊಂದು, ಮತ್ತೆ ಕೃಷ್ಣನದೇ.

ತುರುವೇಕೆರೆಯಾಚೆಯ ಹಳ್ಳಿಯೊಂದರಲ್ಲಿ ವೃದ್ಧ ಹಾರ್ಮೋನಿಯಂ ಮೇಷ್ಟ್ರೊಬ್ಬರನ್ನು ಕಂಡೆ. ನಾನೂ ಮೇಷ್ಟ್ರೇ ಆದುದರಿಂದ, ಯಾರು ಯಾರನ್ನು ಹಾಗೆ ಕರೆಯಬೇಕೆಂಬುದೇ ಮೊದಲ ತೊಡಕಾಯಿತು. ಆಯ್ದ ಹಾಡುಗಳ ಮಾತೆತ್ತಿದಾಗ ಅವರು ನಕ್ಕರು.

“ಹಾಡು ಆರಿಸ್ಕೊಂಡ್ರಿ, ಸರಿ ಸ್ವಾಮಿ. ಹಾಡಿಗೆ ಮುಂಚೆ ಆ ಕೃಷ್ಣನ್ನ ಕೆಣಕೋ ಮಾತು ಯಾರು ಆಡ್ತಾರೆ? ಕೆಣಕದೆ ಅವನು ಯಾಕೆ ಹಾಡ್ತಾನೆ?”

ನನ್ನ ಫೋನಿನಿಂದ ಆ ಆಂಗ್ಲರ ಹಾಡೊಂದನ್ನು ಕೇಳಿಸಿದೆ. ಕಣ್ಣು ಮುಚ್ಚಿ ಆಲಿಸಿ, “ಶ್ರುತಿ ಗಟ್ಟಿಯಿದೆ. ಆದ್ರೆ ಓಡ್ತಾನಲ್ಲ, ಯಾರು ಅಟ್ಟಿಸ್ಕೊಂಡು ಬರ್ತಿದಾರೆ?” ಎಂದರು. ಈ ತಂಡದ ಕುರಿತು ಇದಕ್ಕಿಂತ ಚೊಕ್ಕ ವಿಮರ್ಶೆಯನ್ನು ನಾನೆಲ್ಲೂ ಓದಿಲ್ಲ. ಬಳಿಕ ಪೆಟ್ಟಿಗೆಯನ್ನು ಎಳೆದುಕೊಂಡು ಅವರು ನುಡಿಸಿದ್ದು ಯಾವ ಸಂಕಲನಕ್ಕೂ ಸೇರದ ವಿದುರನ ಹಾಡು. ಧ್ವನಿ ನಡುಗುತ್ತಿತ್ತು, ಬೆರಳು ನಡುಗಲಿಲ್ಲ. ಅದು ಬರಹದಲ್ಲಿದೆಯೇ ಎಂದು ಕೇಳಿದೆ. ಇಲ್ಲವಂತೆ, ಅವರ ಗುರುಗಳು ಬಾಯಲ್ಲಿ ಹೇಳಿಕೊಟ್ಟದ್ದು.

ಸಂಜೆ ಚಿಕ್ಕನಾಯಕನಹಳ್ಳಿಯ ಬಸ್ಸಿಗೆ ಹೊರಟಾಗ ಅವರು ಬಾಗಿಲ ತನಕ ಬಂದರು. ಬೇಸಗೆಗೆ ಊರಿನಲ್ಲಿ ‘ಕುರುಕ್ಷೇತ್ರ’ವಿದೆಯಂತೆ. ಕೃಷ್ಣನ ಪಾತ್ರಕ್ಕೆ ಮೂವರ ನಡುವೆ ಪೈಪೋಟಿ. ವಿದುರನಿಗೆ ಇನ್ನೂ ಯಾರೂ ಬಂದಿಲ್ಲ.