ಚಂದ್ರಚೂಡೇಶ್ವರನ ಬೆಟ್ಟದಲ್ಲಿ ಒಂದು ಸಂಜೆ

ಕಳೆದ ಬೇಸಿಗೆಯಲ್ಲಿ ತಮ್ಮನೊಡನೆ ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಹತ್ತಿದೆ. ಹದಿನೆಂಟು ವರ್ಷ ದುಡಿದ ಕಾರ್ಖಾನೆ ಹಿಂದಿನ ಶುಕ್ರವಾರವಷ್ಟೇ ಅವನ ಕೈಗೊಂದು ಕಾಗದವನ್ನಿತ್ತು ಮನೆಗೆ ಕಳುಹಿಸಿತ್ತು. ಜೇಬಿನಲ್ಲಿ ಇನ್ನೊಂದು ಕಾಗದವಿತ್ತು: ಮಸ್ಕತ್ತಿನಲ್ಲಿ ಕೆಲಸ ಕೊಡಿಸುವೆನೆಂದು ಏಜೆಂಟನೊಬ್ಬ ಬರೆದುಕೊಟ್ಟದ್ದು. ಮರುದಿನವೇ ಮುಂಗಡ ಕಟ್ಟಬೇಕಿತ್ತು.

ದೇವರಿಗೆ ಕೈಮುಗಿದು ಹೊರಗೆ ಕುಳಿತೆವು. ಕೆಳಗೆ ಊರೆಲ್ಲ ಹರಡಿತ್ತು. 1956ರಲ್ಲಿ ರಾಜ್ಯಗಳು ಭಾಷೆಯಂತೆ ವಿಂಗಡವಾದಾಗ ಈ ಸೀಮೆ ಮದರಾಸಿಗೇ ಉಳಿಯಿತು. ನಮ್ಮ ಮನೆಮಾತು ಕನ್ನಡವಾಗಿಯೇ ಉಳಿಯಿತು. ಎಪ್ಪತ್ತರ ದಶಕದಲ್ಲಿ ಸಿಪ್ಕಾಟ್ ಕೈಗಾರಿಕಾ ವಸಾಹತು ಬಂದ ಮೇಲೆ ರಾಗಿಯ ಹೊಲ ಬಿಟ್ಟು ಕಾರ್ಖಾನೆಗೆ ಸೇರಿದವರಲ್ಲಿ ನಮ್ಮ ತಂದೆಯೂ ಒಬ್ಬರು. ಇಂದು ತಳಿ, ಬಾಗಲೂರು ಕಡೆಯ ಗುಲಾಬಿಯೂ ಕೃಷ್ಣಗಿರಿಯ ತೋತಾಪುರಿ ಮಾವಿನ ತಿರುಳೂ ಕಡಲು ದಾಟುತ್ತವೆ.

"ಹೂವೇ ಹೋಗುವಾಗ ನಾನು ಹೋದರೇನು, ಅಣ್ಣಾ?" ಎಂದ.

"ಹೋಗಬಹುದು. ಆದರೆ ಹೂ ಕೊಯ್ಯುವ ಮೊದಲೇ ಕೊಳ್ಳುವವರು ಯಾರೆಂದು ತೋಟದವನು ತಿಳಿದಿರುತ್ತಾನೆ. ನಿನ್ನನ್ನು ಕರೆಯುವವರು ಯಾರು?"

ಅವನು ಕಾಗದವನ್ನು ಬಿಡಿಸಿದ. ಪರದೇಶಕ್ಕೆ ಕೆಲಸಗಾರರನ್ನು ಕಳುಹಿಸುವವರು ಸರ್ಕಾರದಲ್ಲಿ ನೋಂದಾಯಿಸಿಕೊಂಡಿರಬೇಕೆಂದು 1983ರ ವಲಸೆ ಕಾಯ್ದೆ ವಿಧಿಸಿತು. ಆ ನೋಂದಣಿಯ ಸಂಖ್ಯೆ ಅದರಲ್ಲಿರಲಿಲ್ಲ. ಸಂಬಳವೆಷ್ಟು, ಯಜಮಾನನಾರು ಎಂಬುದೂ ಇರಲಿಲ್ಲ. ಇತ್ತ ಕಾರ್ಖಾನೆಯಿಂದ ಬರಬೇಕಾದ ಗ್ರಾಚ್ಯುಯಿಟಿ, ಭವಿಷ್ಯನಿಧಿಗಳ ಲೆಕ್ಕವಿನ್ನೂ ಮುಗಿದಿರಲಿಲ್ಲ.

ದೀಪ ಹತ್ತುವ ಹೊತ್ತಿಗೆ ಇಳಿದೆವು. ಮರುದಿನ ಅವನು ಮುಂಗಡ ಕಟ್ಟಲಿಲ್ಲ. ಹೋಗಲೇಬಾರದೆಂಬ ಹಟ ಅವನಿಗಿಲ್ಲ. ಹೊರಟರೆ ತಿಳಿದು ಹೊರಡಬೇಕು, ಹೆದರಿ ಅಲ್ಲ ಎಂಬುದಷ್ಟೇ ಅವನ ನಿಶ್ಚಯ. ಪಾಸ್‌ಪೋರ್ಟನ್ನು ಅಮ್ಮ ದೇವರ ಗೂಡಿನಲ್ಲಿಟ್ಟಿದ್ದಾರೆ.